ಮೈಸೂರಿನ ಹತ್ತಿರ ಹೊಳೆ ಪಕ್ಕ ಸುಮ್ನೆ ಕೂರೋದಕ್ಕೆ: ಬೃಂದಾವನವಾ, ಶ್ರೀರಂಗಪಟ್ಟಣವಾ, ನಂಜನಗೂಡಾ?

ಮನೆಗೆ ನೆಂಟರು ಬಂದಾಗಲೆಲ್ಲ ಈ ಮಾತು ಬಂದೇ ಬರುತ್ತದೆ. ಅರಮನೆ ನೋಡಿದ್ದಾಯಿತು, ಬೆಟ್ಟಕ್ಕೆ ಹೋಗಿ ಬಂದಿದ್ದಾಯಿತು, ಝೂ ಸುತ್ತಿ ಎಲ್ಲರ ಕಾಲೂ ಸೋತಿದೆ, ಇನ್ನು ಎಲ್ಲಾದರೂ ನೀರಿನ ಪಕ್ಕ ಹೋಗಿ ಕೂತು ನಾಲ್ಕು ಹೆಜ್ಜೆ ನಡೆದು ಬರೋಣ. ಆಗ ಯಾರೋ ಒಬ್ಬರು "ಕೆ.ಆರ್.ಎಸ್‌ಗೆ ಹೋಗೋಣ" ಅನ್ನುತ್ತಾರೆ. ಉಳಿದವರು ಹೂಂ ಅನ್ನುತ್ತಾರೆ. ಊಟ ಮುಗಿಸಿ ಎರಡು ಗಂಟೆಗೆ ಗಾಡಿ ಹತ್ತುತ್ತಾರೆ, ಮೂರು ಗಂಟೆಯ ಬಿಸಿಲಲ್ಲಿ ಅಲ್ಲಿನ ಬೃಂದಾವನ ತೋಟದೊಳಗೆ ನಡೆದು ಬೆವರುತ್ತಾರೆ, ಮಕ್ಕಳು ಅಳುವುದಕ್ಕೆ ಶುರು ಮಾಡುತ್ತವೆ, ದೀಪ ಹತ್ತುವ ಮೊದಲೇ ಸಾಕಪ್ಪ ಅಂತ ವಾಪಸ್ ಹೊರಡುತ್ತಾರೆ. ಬೃಂದಾವನ ಚೆನ್ನಾಗಿಲ್ಲ ಅಂತ ಹೇಳುವವರಲ್ಲಿ ಅರ್ಧ ಜನ ಹೀಗೆ ಹೊತ್ತಲ್ಲದ ಹೊತ್ತಲ್ಲಿ ಹೋಗಿ ಬಂದವರೇ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿನ ಒಂದೊಂದು ಜಾಗಕ್ಕೂ ಅದರದೇ ಹೊತ್ತಿದೆ. ಯಾವುದು ಚೆಂದ ಅಂತ ಕೇಳುವುದಕ್ಕಿಂತ ನಿಮಗೆ ಯಾವ ಹೊತ್ತು ಬಿಡುವಿದೆ, ಜೊತೆಗೆ ಯಾರು ಬರುತ್ತಿದ್ದಾರೆ, ಈಗ ಹೊಳೆಯಲ್ಲಿ ನೀರು ಎಷ್ಟಿದೆ ಅಂತ ನೋಡಿಕೊಂಡರೆ ಆಯ್ಕೆ ತಾನಾಗಿ ಆಗಿಬಿಡುತ್ತದೆ.

ಮೊದಲೇ ಒಂದು ಮಾತು. ಮೈಸೂರಿನ ಊರೊಳಗೆ ಹೊಳೆ ಇಲ್ಲ. ಕೆರೆಗಳಿವೆ: ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ. ದಿನಾ ಬೆಳಗ್ಗೆ ವಾಕಿಂಗ್ ಮಾಡಲು ಕುಕ್ಕರಹಳ್ಳಿ ಏರಿಗಿಂತ ಒಳ್ಳೆಯ ಜಾಗ ನನಗಂತೂ ಗೊತ್ತಿಲ್ಲ. ಆದರೆ ಕೆರೆ ಕೆರೆಯೇ, ಹೊಳೆ ಹೊಳೆಯೇ ಅಲ್ವಾ? ಹರಿಯುವ ನೀರು ಬೇಕೆಂದರೆ ಉತ್ತರಕ್ಕೆ ಹೋಗಿ ಕಾವೇರಿ ಹಿಡಿಯಬೇಕು, ಇಲ್ಲ ದಕ್ಷಿಣಕ್ಕೆ ಹೋಗಿ ಕಪಿಲೆ ಹಿಡಿಯಬೇಕು. ಶ್ರೀರಂಗಪಟ್ಟಣ ಸುಮಾರು 15 ಕಿ.ಮೀ., ಕೆ.ಆರ್.ಎಸ್ ಸುಮಾರು 20, ನಂಜನಗೂಡು ಅದಕ್ಕಿಂತ ಸ್ವಲ್ಪ ಜಾಸ್ತಿ. ಯಾವುದೂ ದೂರ ಅಲ್ಲ.

ಬೃಂದಾವನ: ಸಂಜೆ ಐದರ ಮೇಲೆ ಮಾತ್ರ

ಬೃಂದಾವನ ಹೊಳೆ ದಡದ ತೋಟ ಅನ್ನುವುದಕ್ಕಿಂತ ಕಟ್ಟೆ ಕೆಳಗಿನ ತೋಟ. ಈ ವ್ಯತ್ಯಾಸ ಗೊತ್ತಿರಲಿ, ಯಾಕೆಂದರೆ ಹೊಳೆ ನೋಡಲು ಹೋದವರಿಗೆ ಇಲ್ಲಿ ಸಿಗುವುದು ಕಾಲುವೆ, ಕಾರಂಜಿ, ಕೊಳ. ನೀರು ಕಾವೇರಿಯದೇ, ಆದರೆ ಅದು ನಡೆಯುವ ದಾರಿ ಮನುಷ್ಯರು ಹಾಕಿಕೊಟ್ಟದ್ದು. ಕನ್ನಂಬಾಡಿ ಕಟ್ಟೆಯ, ಅಂದರೆ ಕೆ.ಆರ್.ಎಸ್ ಅಣೆಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ, ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರ್ ಆಗಿದ್ದಾಗ. ತೋಟದ ಕೆಲಸ ಹಿಡಿದದ್ದು 1927ರಲ್ಲಿ, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ. ಮುಗಿದದ್ದು 1932ರಲ್ಲಿ. ಕಾಶ್ಮೀರದ ಶಾಲಿಮಾರ್ ತೋಟದ ಹಾಗೆ ಮಟ್ಟ ಮಟ್ಟವಾಗಿ ಇಳಿಯುವ ತೋಟ ಇದು, 60 ಎಕರೆ. ಮಟ್ಟ ಮಟ್ಟವಾಗಿ ಅಂದರೆ ಏನರ್ಥ? ಮೆಟ್ಟಿಲು. ನಕ್ಷೆಯಲ್ಲಿ ಇದು ಗೊತ್ತಾಗುವುದಿಲ್ಲ, ಮಂಡಿ ನೋವಿರುವವರಿಗೆ ತಕ್ಷಣ ಗೊತ್ತಾಗುತ್ತದೆ.

ನಮ್ಮಮ್ಮನ ಜೊತೆ ಹೋದಾಗ ನಾನು ಮಾಡಿದ ತಪ್ಪು ಇದೇ. ಸಂಗೀತ ಕಾರಂಜಿ ನೋಡಲೇಬೇಕು ಅಂತ ಅವರನ್ನು ಗೇಟಿನಿಂದ ಸೇತುವೆ ದಾಟಿಸಿ ಆ ಕಡೆಯ ತೋಟದವರೆಗೂ ನಡೆಸಿಕೊಂಡು ಹೋದೆ. ಕಾರಂಜಿ ಇರುವುದು ಉತ್ತರದ ಕಡೆಯ ತೋಟದಲ್ಲಿ, ಗೇಟಿನಿಂದ ಸಾಕಷ್ಟು ದೂರ. ಅಲ್ಲಿ ಸೇರುವ ಹೊತ್ತಿಗೆ ಅವರ ಮುಖ ಬಾಡಿತ್ತು. ಮುಂದಿನ ಸಲ ಹಾಗೆ ಮಾಡಲಿಲ್ಲ. ಮೇಲಿನ ಮಟ್ಟದಲ್ಲೇ, ಮಧ್ಯದ ಕಾಲುವೆಯ ಪಕ್ಕ ಕಲ್ಲಿನ ಕಟ್ಟೆ ಮೇಲೆ ಕೂರಿಸಿದೆ. ಅಲ್ಲಿ ನೀರು ಒಂದು ಮಟ್ಟದಿಂದ ಇನ್ನೊಂದಕ್ಕೆ ತೆಳ್ಳಗೆ ಹಾಳೆಯ ಹಾಗೆ ಬೀಳುತ್ತದೆ, ಗಾಳಿ ಬೀಸಿದಾಗ ಅದರ ಹನಿ ಮುಖಕ್ಕೆ ಬರುತ್ತದೆ. ಕತ್ತಲು ಇಳಿಯುತ್ತಾ ಬಂತು. ಕಾಲುವೆ ಉದ್ದಕ್ಕೂ ದೀಪ ಹತ್ತಿತು, ಮೊದಲು ಮಂಕಾಗಿ, ಆಮೇಲೆ ಕೆಂಪು ಹಳದಿ ಹಸಿರು. ಅಮ್ಮ ಒಂದು ಗಂಟೆ ಅಲ್ಲಿಂದ ಅಲ್ಲಾಡಲಿಲ್ಲ. "ನಾನು ಮದುವೆಯಾದ ಹೊಸದರಲ್ಲಿ ನಿಮ್ಮಪ್ಪ ಇಲ್ಲಿಗೇ ಕರ್ಕೊಂಡು ಬಂದಿದ್ದು" ಅಂದರು. ಅಷ್ಟೇ ಅಂದದ್ದು.

ಹಾಗಾಗಿ ವಯಸ್ಸಾದವರು ಜೊತೆಗಿದ್ದರೆ ಕಾರಂಜಿಯ ಆಸೆ ಬಿಡಿ, ಮೇಲೆಯೇ ಕೂತು ದೀಪ ನೋಡಿ. ನಡೆಯುವವರು ಮಾತ್ರ ಆ ಕಡೆ ಹೋಗಿ ಬರಲಿ. ಕಾರಂಜಿ ಕತ್ತಲಾದ ಮೇಲೆ ಶುರು, ಶನಿವಾರ ಭಾನುವಾರ ಸ್ವಲ್ಪ ಜಾಸ್ತಿ ಹೊತ್ತು ಇರುತ್ತದೆ, ಆದರೆ ಆ ದಿನಗಳಲ್ಲೇ ಜನಜಾತ್ರೆ. ಬಸ್ ತುಂಬಾ ಶಾಲೆ ಮಕ್ಕಳು ಬರುವ ಡಿಸೆಂಬರ್ ತಿಂಗಳಲ್ಲಿ ನೆಮ್ಮದಿ ಹುಡುಕಿಕೊಂಡು ಹೋಗಬೇಡಿ. ವಾರದ ನಡುವಿನ ಒಂದು ದಿನ, ಐದು ಗಂಟೆಗೆ ಒಳಗೆ ಹೋಗಿ ಎಂಟಕ್ಕೆ ಹೊರಗೆ ಬಂದರೆ ಅದಕ್ಕಿಂತ ಒಳ್ಳೆಯ ಸಂಜೆ ಈ ಸುತ್ತಿನಲ್ಲಿ ಇಲ್ಲ.

ಕಟ್ಟೆ ಮೇಲೆ ನಡೆಯಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಇಲ್ಲ, ಭದ್ರತೆಯ ಕಾರಣಕ್ಕೆ ಈಗ ಜನರನ್ನು ಬಿಡುವುದಿಲ್ಲ. ಕೆಳಗೆ ನಿಂತು ನೋಡಬೇಕು. ಅಕ್ಕಪಕ್ಕ ಕಾಡು ಪೊದೆ ಇರುವ ಜಾಗ, 2022ರ ಕೊನೆಯಲ್ಲಿ ಚಿರತೆ ಕಾಣಿಸಿಕೊಂಡು ತೋಟವನ್ನೇ ಮುಚ್ಚಿದ್ದರು. ಹೊರಡುವ ಮೊದಲು ತೆರೆದಿದೆಯಾ ಅಂತ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಶ್ರೀರಂಗಪಟ್ಟಣ: ನಿಜವಾದ ಹೊಳೆ ಇಲ್ಲಿದೆ

ನನ್ನನ್ನು ಕೇಳಿದರೆ, ಒಂದೇ ಜಾಗಕ್ಕೆ ಹೋಗುವಷ್ಟು ಹೊತ್ತಿದ್ದರೆ ಇಲ್ಲಿಗೆ ಹೋಗಿ. ಊರೇ ಒಂದು ದ್ವೀಪ. ಪಶ್ಚಿಮದಲ್ಲಿ ಕಾವೇರಿ ಎರಡಾಗಿ ಒಡೆದು ಊರನ್ನು ಸುತ್ತಿಕೊಂಡು ಪೂರ್ವದ ತುದಿಯಲ್ಲಿ ಮತ್ತೆ ಒಂದಾಗುತ್ತದೆ. ಯಾವ ಕಡೆ ನಡೆದರೂ ಕೊನೆಗೆ ನೀರೇ ಸಿಗುತ್ತದೆ. ಆದರೆ ಇಲ್ಲಿ ಒಂದು ಉದ್ಯಾನ ಅಂತ ಇಲ್ಲ, ನಾಲ್ಕೈದು ಜಾಗ ಸೇರಿಸಿಕೊಂಡು ನಾವೇ ಒಂದು ಸಂಜೆ ಮಾಡಿಕೊಳ್ಳಬೇಕು. ಅದೇ ಇದರ ಕಷ್ಟ, ಅದೇ ಇದರ ಸುಖ.

ಬಿಸಿಲಿರುವಾಗ ಮೊದಲು ದರಿಯಾ ದೌಲತ್‌ಗೆ ಹೋಗಿ. ಟಿಪ್ಪು 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ, ಬಹುಪಾಲು ತೇಗದ ಕೆಲಸ, ಸುತ್ತ ದೊಡ್ಡ ತೋಟ. ಹೊಳೆ ಹತ್ತಿರದಲ್ಲೇ ಇದ್ದರೂ ಇಲ್ಲಿ ಕೂತವರಿಗೆ ನೀರಿಗಿಂತ ನೆರಳೇ ಜಾಸ್ತಿ ಸಿಗುತ್ತದೆ, ಮಧ್ಯಾಹ್ನ ಬೇಕಾಗಿರುವುದೂ ಅದೇ. ನೇರ ದಾರಿ, ಮೆಟ್ಟಿಲಿನ ಕಾಟ ಕಡಿಮೆ, ಹುಲ್ಲು ಹಾಸು, ದೊಡ್ಡ ಮರಗಳು. ಒಳಗೆ ಗೋಡೆ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಮಕ್ಕಳಿದ್ದರೆ ಅದರ ಮುಂದೆ ನಿಲ್ಲಿಸಿ, ಆನೆ ಎಷ್ಟಿವೆ, ಕುದುರೆ ಎಷ್ಟಿವೆ ಅಂತ ಎಣಿಸಲು ಹೇಳಿ. ಅರ್ಧ ಗಂಟೆ ನಿಮಗೆ ಬಿಡುವು. ಪುರಾತತ್ವ ಇಲಾಖೆಯ ಟಿಕೆಟ್ ಇದೆ, ಸಂಜೆ ಬೇಗ ಬಾಗಿಲು ಹಾಕುತ್ತಾರೆ. ಅದಕ್ಕೇ ಇದನ್ನು ಕೊನೆಗೆ ಇಟ್ಟುಕೊಳ್ಳಬೇಡಿ.

ಅಲ್ಲಿಂದ ಸಂಗಮದ ದಾರಿಯಲ್ಲಿ ಗುಂಬಜ್ ಸಿಗುತ್ತದೆ. ಹೈದರಾಲಿಗಾಗಿ ಟಿಪ್ಪು ಕಟ್ಟಿಸಿದ್ದು, 1799ರಲ್ಲಿ ಟಿಪ್ಪುವನ್ನೂ ಅಲ್ಲೇ ಮಣ್ಣು ಮಾಡಿದರು. ಅದರ ಮುಂದಿನ ತೋಟವೂ ನಡೆಯಲು ಚೆಂದ. ಗಂಜಾಂ ಕಡೆ ತಿರುಗಿದರೆ ನಿಮಿಷಾಂಬ ದೇವಸ್ಥಾನ, ಅದರ ಪಕ್ಕದಲ್ಲೇ ಹೊಳೆಗೆ ಇಳಿಯುವ ಮೆಟ್ಟಿಲು. ಅಮಾವಾಸ್ಯೆ, ಹುಣ್ಣಿಮೆ, ಮದುವೆ ಸೀಸನ್‌ನಲ್ಲಿ ಇಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಸಾಮಾನ್ಯ ದಿನದಲ್ಲಿ ಮಾತ್ರ ಮೆಟ್ಟಿಲ ಮೇಲೆ ಆರಾಮಾಗಿ ಕೂರಬಹುದು.

ಸಂಗಮಕ್ಕೆ ನಾಲ್ಕೂವರೆ ಹೊತ್ತಿಗೆ ಸೇರಬೇಕು. ಬಿಸಿಲು ಬೆನ್ನ ಹಿಂದೆ ಹೋಗಿರುತ್ತದೆ. ಎರಡು ಕವಲು ಬಂದು ಸೇರುವ ಕಡೆ ನೀರಿನ ಮೇಲೆ ಒಂದು ಗೆರೆ ಕಾಣಿಸುತ್ತದೆ, ಒಂದು ಕಡೆ ನೀರು ನಿಧಾನ, ಇನ್ನೊಂದು ಕಡೆ ಬಿರುಸು, ಮಧ್ಯದಲ್ಲಿ ಒಣಗಿದ ಎಲೆಯೊಂದು ಬಿದ್ದರೆ ಎರಡು ಸುತ್ತು ತಿರುಗಿ ಆಮೇಲೆ ದಾರಿ ಹಿಡಿಯುತ್ತದೆ. ನಾನು ಇದನ್ನು ನೋಡುತ್ತಾ ಕೂತ ದಿನ ಪಕ್ಕದಲ್ಲಿ ಹರಿಗೋಲಿನವರೊಬ್ಬರು ಹರಿಗೋಲನ್ನು ಮಗುಚಿ ಹಾಕಿ ತಳಕ್ಕೆ ತೇಪೆ ಹಾಕುತ್ತಿದ್ದರು. ಬಿದಿರ ದಬ್ಬೆಯ ಹೆಣಿಗೆ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಟಾರು. ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದರು, ಎಲ್ಲಿ ಮೆತ್ತಗಿದೆಯೋ ಅಲ್ಲಿ ಇನ್ನೊಂದು ಕೈ ಟಾರು. ಹರಿಗೋಲು ಹತ್ತುವುದಾದರೆ ಎರಡು ಮಾತು ನೆನಪಿಟ್ಟುಕೊಳ್ಳಿ: ಹತ್ತುವ ಮೊದಲೇ ತಲೆಗೆ ಎಷ್ಟು ಅಂತ ಬಾಯಿ ಬಿಟ್ಟು ಮಾತಾಡಿಕೊಳ್ಳಿ, ಲೈಫ್ ಜಾಕೆಟ್ ಕೇಳಿ. ಜಾಕೆಟ್ ಇಲ್ಲ ಅಂದರೆ ಹತ್ತಬೇಡಿ. ನಾವು ಒಮ್ಮೆ ರೇಟು ಮಾತಾಡದೆ ಹತ್ತಿ, ಇಳಿಯುವಾಗ ಎರಡರಷ್ಟು ಕೊಟ್ಟು ಬಂದಿದ್ದೇವೆ.

ಸಂಗಮದಲ್ಲಿ ನನ್ನ ಮನಸ್ಸಿಗೆ ನೋವಾಗುವ ಒಂದು ವಿಷಯ ಇದೆ. ಇದು ಪಿಂಡ ಪ್ರದಾನ ಮಾಡುವ, ಬೂದಿ ಬಿಡುವ ಜಾಗವೂ ಹೌದು. ತಲೆತಲಾಂತರದಿಂದ ಜನ ಬರುತ್ತಾರೆ, ಬರಬೇಕು. ಆದರೆ ಸ್ನಾನ ಮಾಡಿ ಉಟ್ಟ ಬಟ್ಟೆಯನ್ನು ಹೊಳೆಗೇ ಬಿಟ್ಟು ಹೋಗುವ ರೂಢಿಯಿಂದ ಕಲ್ಲು ಕಲ್ಲಿಗೂ ಸೀರೆ, ಪಂಚೆ ಸುತ್ತಿಕೊಂಡಿರುತ್ತವೆ. ಪಶ್ಚಿಮವಾಹಿನಿಯಲ್ಲೂ ಇದೇ ಕಥೆ. ದಯವಿಟ್ಟು ಬಟ್ಟೆ, ಊಟದ ತಟ್ಟೆ, ಹೂವಿನ ಕವರು ವಾಪಸ್ ತನ್ನಿ. ನೆಮ್ಮದಿಗೆ ಅಂತ ಹೋದವರು ಕಾರ್ಯ ನಡೆಯುವ ಮೆಟ್ಟಿಲಿನಿಂದ ಸ್ವಲ್ಪ ದೂರ ಕೂತರೆ ಅವರಿಗೂ ಒಳ್ಳೆಯದು. ಯಾರೋ ಅಪ್ಪನ ಬೂದಿ ಬಿಡುತ್ತಿರುವಾಗ ಪಕ್ಕದಲ್ಲಿ ಸೆಲ್ಫಿ ತೆಗೆಯುವುದು ಸರಿಯಲ್ಲ.

ನೀರಿಗೆ ಇಳಿಯುವ ಆಸೆ ಇಲ್ಲಿ ಬೇಡ. ಮೊಣಕಾಲುದ್ದ ಕಾಣುವ ಕಡೆ ಒಂದು ಹೆಜ್ಜೆ ಮುಂದೆ ಗುಂಡಿ ಇರುತ್ತದೆ, ಪಾಚಿ ಕಲ್ಲು ಜಾರುತ್ತದೆ. ಇದೇ ಕಾರಣಕ್ಕೆ ಬಲಮುರಿ, ಎಡಮುರಿಯನ್ನು ಈ ಪಟ್ಟಿಯಿಂದ ಬೇಕೆಂದೇ ಬಿಟ್ಟಿದ್ದೇನೆ. ಒಡ್ಡಿನ ಮೇಲೆ ತೆಳ್ಳಗೆ ಹರಿಯುವ ನೀರು ನೋಡಲು ಚೆಂದ, ಆದರೆ ಅಲ್ಲಿ ಆಟವಾಡಲು ಹೋಗಿ ಮುಳುಗಿದವರ ಸುದ್ದಿ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಮಕ್ಕಳನ್ನು ಕರೆದುಕೊಂಡು ಸುಮ್ನೆ ಕೂರಲು ಹೋಗುವ ಜಾಗ ಅದಲ್ಲ.

ಜನ ಬೇಡ, ಅಂಗಡಿ ಬೇಡ, ಹೊಳೆ ಮಾತ್ರ ಸಾಕು ಅನ್ನುವವರಿಗೆ ಊರಿನ ಉತ್ತರದ ಕವಲಿಗೆ ಇರುವ ವೆಲ್ಲೆಸ್ಲಿ ಸೇತುವೆ. ದಿವಾನ್ ಪೂರ್ಣಯ್ಯನವರು 1804ರಲ್ಲಿ ಮುಗಿಸಿದ ಕಲ್ಲಿನ ಸೇತುವೆ. ಕಂಬ, ತೊಲೆ ಎಲ್ಲಾ ಕಲ್ಲು. ಇನ್ನೂರು ವರ್ಷದ ಪ್ರವಾಹಗಳನ್ನು ಕಂಡಿದೆ, ಏಟೂ ತಿಂದಿದೆ. ಸಂಜೆ ಅದರ ಹತ್ತಿರ ನಿಂತು ಕೆಳಗೆ ಕಂಬಗಳ ಸಂದಿಯಲ್ಲಿ ನೀರು ನುಗ್ಗುವುದನ್ನು ಕೇಳುವುದೇ ಒಂದು ಸುಖ. ಬೆಂಚಿಲ್ಲ, ದೀಪವಿಲ್ಲ, ಶೌಚಾಲಯವಿಲ್ಲ. ಗೊತ್ತಿದ್ದೇ ಹೋಗಿ.

ರಂಗನತಿಟ್ಟು: ಬೆಳಗ್ಗೆ ಎದ್ದು ಹೋಗುವವರಿಗೆ

ಇದು ಪಕ್ಷಿಧಾಮ, ಪಾರ್ಕ್ ಅಲ್ಲ ಅಂತ ನೀವು ಹೇಳಬಹುದು. ಆದರೆ ಹೊಳೆ ದಡದಲ್ಲಿ ನೆರಳಿನ ದಾರಿ, ಕೂರಲು ಬೆಂಚು, ಶುಚಿಯಾದ ಶೌಚಾಲಯ, ಎಲ್ಲಾ ಒಂದೇ ಕಡೆ ಇರುವ ಜಾಗ ಈ ಸುತ್ತಿನಲ್ಲಿ ಇದೊಂದೇ. ಪುಟ್ಟ ಮಕ್ಕಳಿದ್ದರೆ, ಇಲ್ಲ ಅಜ್ಜ ಅಜ್ಜಿ ಇದ್ದರೆ, ನಾನು ಮೊದಲು ಹೇಳುವುದು ಇದನ್ನೇ. 1645ರಿಂದ 48ರ ನಡುವೆ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಒಡ್ಡು ಕಟ್ಟಿಸಿದಾಗ ಹುಟ್ಟಿಕೊಂಡ ನಡುಗಡ್ಡೆಗಳು ಇವು. ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು.

ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಹತ್ತೂವರೆ ಆದ ಮೇಲೆ ಬಸ್ಸುಗಳು ಬರುತ್ತವೆ, ದೋಣಿಗೆ ಸಾಲು ಬೆಳೆಯುತ್ತದೆ, ಗದ್ದಲವಾಗುತ್ತದೆ. ಫೆಬ್ರವರಿಯಿಂದ ಮೇವರೆಗೆ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಚಮಚದ ಕೊಕ್ಕು ಎಲ್ಲಾ ಗೂಡು ಕಟ್ಟಿ ಮರಿ ಮಾಡಿರುತ್ತವೆ, ಮರಗಳೇ ಬೆಳ್ಳಗಾಗಿರುತ್ತವೆ. ಬಂಡೆ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟ. ಅದೇ ಕಾರಣಕ್ಕೆ ನೀರಿನ ಅಂಚಿಗೆ ಹೋಗಿ ಕೂರುವಂತಿಲ್ಲ, ಬೆಂಚಿನಲ್ಲಿ ಕೂತೇ ನೋಡಬೇಕು. ಪಾದ ನೀರಲ್ಲಿ ಇಳಿಬಿಟ್ಟು ಕೂರಬೇಕು ಅನ್ನುವವರಿಗೆ ಇದು ಸಪ್ಪೆ ಅನಿಸಬಹುದು.

ನಂಜನಗೂಡು: ಕಪಿಲೆಯ ಪಕ್ಕ

ಇದನ್ನು ಚಿಕ್ಕದಾಗಿ ಹೇಳುತ್ತೇನೆ. ಕಾಗದದ ಮೇಲೆ ಕಬಿನಿ, ಊರವರ ಬಾಯಲ್ಲಿ ಕಪಿಲೆ. ಶ್ರೀಕಂಠೇಶ್ವರನ ದರ್ಶನ ಮುಗಿಸಿ ಸ್ವಲ್ಪ ನಡೆದರೆ ಸ್ನಾನಘಟ್ಟ. ಸೋಮವಾರ, ಹುಣ್ಣಿಮೆ, ಜಾತ್ರೆಯ ದಿನ ಬಿಟ್ಟು ಹೋದರೆ ಬೆಳಗ್ಗೆ ಇಲ್ಲಿನ ಗಾಳಿ ತಂಪು. ದೇವಸ್ಥಾನವೂ ಆಗಬೇಕು, ಹೊಳೆಯೂ ಬೇಕು ಅನ್ನುವ ಹಿರಿಯರಿಗೆ ಇದು ಒಪ್ಪುತ್ತದೆ. ಹತ್ತಿರದಲ್ಲೇ 1735ರಲ್ಲಿ ದಳವಾಯಿ ದೇವರಾಜ ಕಟ್ಟಿಸಿದ್ದು ಅಂತ ಹೇಳುವ ಹಳೇ ಕಲ್ಲು ಸೇತುವೆ ಇದೆ, ಮುಂದೆ ಅದರ ಮೇಲೆ ರೈಲೂ ಓಡಿತ್ತು. ಮೈಸೂರಿನಿಂದ ಚಾಮರಾಜನಗರದ ರೈಲಿನಲ್ಲಿ ಹೋದರೆ ಮಕ್ಕಳಿಗೆ ಪ್ರಯಾಣವೇ ಅರ್ಧ ಖುಷಿ. ಆದರೆ ಉದ್ದಕ್ಕೆ ನಡೆದಾಡುವ ತೋಟವನ್ನು ಇಲ್ಲಿ ನಿರೀಕ್ಷಿಸಬೇಡಿ.

ಹೊಳೆ ಏನು ಹೇಳುತ್ತಿದೆ ಅಂತ ಮೊದಲು ನೋಡಿ

ಎಷ್ಟೋ ಜನ ಇದನ್ನು ನೋಡುವುದೇ ಇಲ್ಲ. ನಮ್ಮ ಕಡೆಯ ಪತ್ರಿಕೆಗಳಲ್ಲಿ ದಿನಾ ಕೆ.ಆರ್.ಎಸ್ ಮಟ್ಟ, ಒಳಹರಿವು, ಹೊರಹರಿವು ಹಾಕುತ್ತಾರೆ. ಪೂರ್ತಿ ಮಟ್ಟ 124.80 ಅಡಿ. ನೀವು ನೋಡಬೇಕಾದದ್ದು ಹೊರಹರಿವು. ಅದು ಹತ್ತಾರು ಸಾವಿರ ಕ್ಯೂಸೆಕ್ ಅಂತ ಇದ್ದರೆ ಸಂಗಮದ ಮೆಟ್ಟಿಲು ಮುಳುಗಿರುತ್ತವೆ, ಹರಿಗೋಲು ಇರುವುದಿಲ್ಲ, ರಂಗನತಿಟ್ಟಿನ ದೋಣಿ ನಿಂತಿರುತ್ತದೆ, ವೆಲ್ಲೆಸ್ಲಿ ಸೇತುವೆ ಕಡೆ ಬಿಡುವುದಿಲ್ಲ. ಆ ದಿನ ಬೃಂದಾವನ ಅಥವಾ ದರಿಯಾ ದೌಲತ್ ಸಾಕು. ನಂಜನಗೂಡಿಗೆ ಹೋಗುವುದಾದರೆ ಕಬಿನಿ ಅಣೆಕಟ್ಟೆಯ ಹೊರಹರಿವು ನೋಡಬೇಕು. ಹದಿನಾರು ಕಾಲು ಮಂಟಪ ಮುಳುಗಿದೆ ಅಂತ ಸುದ್ದಿ ಬಂದರೆ ಸ್ನಾನಘಟ್ಟದ ಆಸೆ ಬಿಡಿ.

ಮಳೆಗಾಲ ಅಂದರೆ ಜುಲೈ ಆಗಸ್ಟ್ ಅಂತ ಲೆಕ್ಕ ಹಾಕಿಕೊಂಡು ಕೂರಬೇಡಿ. 2023ರಲ್ಲಿ ಮಳೆ ಕೈಕೊಟ್ಟು ಕಟ್ಟೆ ತುಂಬಲೇ ಇಲ್ಲ. 2025ರಲ್ಲಿ ಜೂನ್ ಮುಗಿಯುವ ಮೊದಲೇ ತುಂಬಿ ಬಾಗಿನ ಬಿಟ್ಟರು. ಬೇಸಿಗೆಯ ಕೊನೆಯಲ್ಲಿ ಇನ್ನೊಂದು ತೊಂದರೆ, ನೀರು ಇಳಿದು ಸಂಗಮದಲ್ಲಿ ಬಂಡೆಗಳೇ ಜಾಸ್ತಿ ಕಾಣಿಸುತ್ತವೆ, ಬಟ್ಟೆ ಕಸವೂ ಎದ್ದು ಕಾಣುತ್ತದೆ. ನನಗೆ ಇಷ್ಟವಾದ ಕಾಲ ಅಕ್ಟೋಬರ್ ಕೊನೆಯಿಂದ ಜನವರಿವರೆಗೆ. ಹೊಳೆ ತುಂಬಿದ್ದರೂ ಅಬ್ಬರ ಇಳಿದಿರುತ್ತದೆ, ಬಿಸಿಲು ಹದವಾಗಿರುತ್ತದೆ. ದಸರಾ ರಜೆಯ ಹತ್ತು ದಿನ ಮಾತ್ರ ತಪ್ಪಿಸಿ.

ಹಾಗಾದರೆ ಎಲ್ಲಿಗೆ?

ಮೊದಲ ಸಲ ಮೈಸೂರಿಗೆ ಬಂದವರನ್ನು ಬೃಂದಾವನಕ್ಕೆ ಕರೆದುಕೊಂಡು ಹೋಗಿ, ಆ ದೀಪ ನೋಡದೆ ಕಳಿಸಬೇಡಿ. ಆಗಲೇ ನೋಡಿದವರಿಗೆ ಶ್ರೀರಂಗಪಟ್ಟಣ. ಕೈಯಲ್ಲಿ ಎರಡೇ ಗಂಟೆ ಇದ್ದರೂ ಶ್ರೀರಂಗಪಟ್ಟಣವೇ, ಬಸ್ಸೂ ರೈಲೂ ಜಾಸ್ತಿ ಇವೆ, ಗುಂಬಜ್ ಬಿಟ್ಟು ನೇರವಾಗಿ ಸಂಗಮಕ್ಕೆ ಹೋದರೆ ಸಾಕು. ಮಂಡಿ ನೋವಿನವರಿಗೆ, ಕೂಸುಗಳಿಗೆ ರಂಗನತಿಟ್ಟು. ಮನಸ್ಸಿಗೆ ಏನೋ ಭಾರವಾಗಿದೆ, ಯಾರ ಜೊತೆಯೂ ಮಾತು ಬೇಡ ಅನ್ನುವ ದಿನ ನಾನು ಹೋಗುವುದು ವೆಲ್ಲೆಸ್ಲಿ ಸೇತುವೆ ಕಡೆಗೆ.

ಒಂದು ಪೂರ್ತಿ ದಿನ ಇದ್ದರೆ ಇವುಗಳಲ್ಲಿ ಮೂರನ್ನು ಒಂದೇ ದಾರಿಯಲ್ಲಿ ಹಿಡಿಯಬಹುದು. ಬೆಳಗ್ಗೆ ರಂಗನತಿಟ್ಟು, ಬಿಸಿಲು ಏರಿದ ಮೇಲೆ ದರಿಯಾ ದೌಲತ್, ಸಂಜೆ ಸಂಗಮ. ಇವುಗಳ ಜೊತೆಗೆ ಕೆ.ಆರ್.ಎಸ್ ಕೂಡ ಸೇರಿಸಬೇಡಿ. ಸೇರಿಸಿದರೆ ಇಡೀ ದಿನ ಗಾಡಿಯಲ್ಲೇ ಕಳೆಯುತ್ತದೆ, ಎಲ್ಲೂ ಕೂತ ಹಾಗೆ ಆಗುವುದಿಲ್ಲ.

ತಿನ್ನುವುದಕ್ಕೆ ಮನೆಯಿಂದ ಏನಾದರೂ ಕಟ್ಟಿಕೊಂಡು ಹೋದರೆ ಒಳ್ಳೆಯದು, ಆದರೆ ಕೋತಿಗಳು ಕೈಯಿಂದಲೇ ಕಿತ್ತುಕೊಳ್ಳುತ್ತವೆ, ಚೀಲದ ಜಿಪ್ ಹಾಕಿರಲಿ. ಬಸ್ಸಿನಲ್ಲಿ ಹೋಗುವವರು ಇಳಿದ ತಕ್ಷಣ ಕೊನೆಯ ಬಸ್ ಎಷ್ಟಕ್ಕೆ ಅಂತ ಕೇಳಿಕೊಳ್ಳಿ, ಕೆ.ಆರ್.ಎಸ್‌ನಲ್ಲಿ ಕಾರಂಜಿ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಬಸ್‌ಸ್ಟ್ಯಾಂಡಿಗೆ ನುಗ್ಗುತ್ತಾರೆ. ಸಂಗಮ ಊರಿನಿಂದ ನಾಲ್ಕೈದು ಕಿ.ಮೀ. ಆಚೆ, ಕತ್ತಲಾದ ಮೇಲೆ ಅಲ್ಲಿ ಆಟೋ ಸಿಗುವುದು ಕಷ್ಟ. ಕರೆದುಕೊಂಡು ಹೋದ ಆಟೋದವರಿಗೇ ಒಂದು ಗಂಟೆ ಕಾಯಲು ಹೇಳಿ, ಕಾಯುವುದಕ್ಕೆ ಎಷ್ಟು ಅಂತ ಮೊದಲೇ ಮಾತಾಡಿಕೊಂಡುಬಿಡಿ.